ತಜ್ಞರ ಉತ್ತರ: ಮಂತ್ರಿ ಬದಲಾದರೆ ಮೀನು ಸಾಯುತ್ತದೆಯೇ?

ಪ್ರಶ್ನೆ: ನಾನು ಹಾಸನದ ಕಡೆಯವಳು. ಕ್ಯಾಲಿಫೋರ್ನಿಯಾದ ಫ್ರೆಸ್ನೊಗೆ ಬಂದು ಹನ್ನೆರಡು ವರ್ಷವಾಯಿತು, ಗ್ರೀನ್ ಕಾರ್ಡ್ ಇದೆ. 2019ರಲ್ಲಿ ವನ್ಯಜೀವಿ ಸಂಸ್ಥೆಯೊಂದರಿಂದ ಇಮೇಲ್ ಬಂತು. ಡೇವಿಡ್ ಬರ್ನ್‌ಹಾರ್ಟ್ ಎಂಬ ಲಾಬಿಗಾರರನ್ನು ಇಂಟೀರಿಯರ್ ಇಲಾಖೆಯ ಮಂತ್ರಿ ಮಾಡುತ್ತಿದ್ದಾರೆ, ಅವರು ಬಂದರೆ ಅಳಿವಿನಂಚಿನ ಪ್ರಾಣಿಗಳ ಕಥೆ ಮುಗಿಯಿತು, ಸಹಿ ಹಾಕಿ ಅಂತ. ಹಾಕಿದೆ. ಅವರು ಮಂತ್ರಿಯಾಗಿಯೇಬಿಟ್ಟರು. 2025ರಲ್ಲಿ ಅದೇ ಇಲಾಖೆಯ ಮೀನು ಮತ್ತು ವನ್ಯಜೀವಿ ಸೇವೆಯ ಮುಖ್ಯಸ್ಥರಾಗಿ ಬ್ರಯಾನ್ ನೆಸ್ವಿಕ್ ಅವರ ಹೆಸರು ಬಂದಾಗ ಮತ್ತೆ ಅದೇ ಧಾಟಿಯ ಇಮೇಲ್, ಕೊನೆಯಲ್ಲಿ ಅದೇ ದೇಣಿಗೆ ಬಟನ್. ಬಾದಾಮಿ ತೋಟ ಇರುವ ನಮ್ಮ ಪಂಜಾಬಿ ಗೆಳೆಯರು, "ಎರಡಿಂಚು ಮೀನಿಗಾಗಿ ನಮ್ಮ ನೀರು ನಿಲ್ಲಿಸುತ್ತಾರೆ, ಈ ಸಂಸ್ಥೆಗಳಿಗೆ ದುಡ್ಡೇ ಮುಖ್ಯ" ಅನ್ನುತ್ತಾರೆ. ಕಾಲೇಜಿಗೆ ಹೋಗುವ ಮಗಳು ಅವರ ಜೊತೆ ಜಗಳಕ್ಕೇ ನಿಲ್ಲುತ್ತಾಳೆ. ಯಾರ ಮಾತು ನಿಜ? ನನ್ನ ಸಹಿ ದಂಡವಾಯಿತೇ? ವೋಟಿಲ್ಲದ ನಾನು ಮಾಡಬಹುದಾದದ್ದು ಏನಾದರೂ ಇದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಸುತ್ತಿಕೊಂಡಿವೆ. ಒಬ್ಬ ವ್ಯಕ್ತಿಯಿಂದ ಒಂದು ಜೀವಿಯೇ ಅಳಿಯಬಹುದೇ ಎನ್ನುವುದು ಒಂದು. ನೇಮಕಕ್ಕೆ ಅಡ್ಡ ನಿಲ್ಲುವುದು ಬರೀ ದೇಣಿಗೆ ಎತ್ತುವ ನಾಟಕವೇ ಎನ್ನುವುದು ಎರಡು. ನೀರಿನ ಜಗಳದಲ್ಲಿ ನ್ಯಾಯ ಯಾರ ಕಡೆ ಎನ್ನುವುದು ಮೂರು. ಉತ್ತರಿಸುವ ಮೊದಲು ನನ್ನ ಲೆಕ್ಕ ಒಪ್ಪಿಸಿಬಿಡುತ್ತೇನೆ. ನಾನು ಜೀವಶಾಸ್ತ್ರಜ್ಞ. ಸ್ಯಾಕ್ರಮೆಂಟೊದಲ್ಲಿ ಹನ್ನೊಂದು ವರ್ಷ ಕನ್ಸಲ್ಟೆಂಟ್ ಆಗಿ, ಅಳಿವಿನಂಚಿನ ಜೀವಿಗಳ ಕಾನೂನಿನ ಕಾಗದಪತ್ರ ತಯಾರಿಸಿದವನು. ನೀರಾವರಿ ಸಂಸ್ಥೆಗಳಿಂದಲೂ ಸಂಬಳ ತಿಂದಿದ್ದೇನೆ. ಊರು ತೀರ್ಥಹಳ್ಳಿ, ಚಿಪ್ಪಲಗುಡ್ಡೆಯಲ್ಲಿ ತುಂಗೆಯ ಮೀನುಗಳಿಗೆ ಮಂಡಕ್ಕಿ ಎಸೆಯುತ್ತ ಬೆಳೆದವನಾದ್ದರಿಂದ ಮೀನಿನ ಕಡೆ ಸ್ವಲ್ಪ ವಾಲುತ್ತೇನೆ. ಅಷ್ಟನ್ನು ಕಳೆದು ಓದಿಕೊಳ್ಳಿ.

ಮೊದಲು ಇಲಾಖೆಯ ಹೆಸರು. ಇಂಟೀರಿಯರ್ ಎಂದರೆ ನಮ್ಮ ಗೃಹ ಇಲಾಖೆಯಲ್ಲ, ಪೊಲೀಸರಿಗೂ ಅದಕ್ಕೂ ಸಂಬಂಧವಿಲ್ಲ. ಒಕ್ಕೂಟ ಸರ್ಕಾರದ ಜಮೀನು, ರಾಷ್ಟ್ರೀಯ ಉದ್ಯಾನ, ಅಣೆಕಟ್ಟು ನೀರು, ತೈಲ ಗುತ್ತಿಗೆ, ವನ್ಯಜೀವಿ ಎಲ್ಲ ಅದರ ಕೈಯಲ್ಲಿವೆ. ಕೊರೆಯುವವನಿಗೆ ಪರವಾನಗಿ ಕೊಡುವುದೂ ಅದೇ ಇಲಾಖೆ, ಕೊರೆಯುವ ಜಾಗದ ಹಕ್ಕಿಯನ್ನು ಕಾಯುವುದೂ ಅದೇ ಇಲಾಖೆ. ಅಲ್ಲಿ ಕೂರುವವರ ಬಗ್ಗೆ ಪ್ರತಿ ಸಲ ಗಲಾಟೆಯಾಗುವುದು ಇದಕ್ಕೇ.

1973ರ ಡಿಸೆಂಬರ್ 28ರಂದು ನಿಕ್ಸನ್ ಸಹಿ ಹಾಕಿದ ಅಳಿವಿನಂಚಿನ ಜೀವಿಗಳ ಕಾಯ್ದೆ ಜಗತ್ತಿನ ಗಟ್ಟಿ ಕಾನೂನುಗಳಲ್ಲಿ ಒಂದು. 1978ರಲ್ಲಿ ಟೆನೆಸ್ಸಿಯ ಟೆಲಿಕೊ ಅಣೆಕಟ್ಟು ಬಹುಪಾಲು ಮುಗಿದಿತ್ತು. ಸ್ನೇಲ್ ಡಾರ್ಟರ್ ಎಂಬ ಬೆರಳುದ್ದದ ಮೀನಿಗಾಗಿ ಸುಪ್ರೀಂ ಕೋರ್ಟ್ ಅದನ್ನು ನಿಲ್ಲಿಸಿತು. ಆಮೇಲೆ ಆ ಯೋಜನೆಗೆ ವಿನಾಯಿತಿ ಬೇಕೆಂದಾಗ ಇಲ್ಲಿನ ಸಂಸತ್ತಾದ ಕಾಂಗ್ರೆಸ್ಸೇ ಕಾನೂನು ಮಾಡಬೇಕಾಯಿತು. ಅಂದರೆ ಯಾವ ಮಂತ್ರಿಯೂ ಕುರ್ಚಿಯಲ್ಲಿ ಕುಳಿತ ಮಾರನೇ ದಿನ ಇದನ್ನು ಹರಿದು ಹಾಕಲಾರರು. ನಿಮ್ಮ ಮಗಳ ಭಯಕ್ಕೆ ಇಷ್ಟು ಸಮಾಧಾನ.

ಆದರೆ ದೇವರು ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಕಾಯ್ದೆ "ಹಾನಿ ಮಾಡಕೂಡದು" ಅನ್ನುತ್ತದೆ. ಹಾನಿ ಎಂದರೇನು ಅಂತ ಬಿಡಿಸಿ ಹೇಳುವುದು ಇಲಾಖೆಯ ನಿಯಮ. "ಮುಂದೆ ಕಾಣುವ ಕಾಲದೊಳಗೆ ಅಪಾಯವಿದ್ದರೆ ಪಟ್ಟಿಗೆ ಸೇರಿಸಿ" ಎಂದಿದೆ. ಎಷ್ಟು ದೂರ ಕಾಣುತ್ತದೆ, ಇಪ್ಪತ್ತು ವರ್ಷವೋ ಎಂಬತ್ತು ವರ್ಷವೋ ಎಂದು ಅಳೆಯುವುದು ಇಲಾಖೆಯ ಕಣ್ಣು. ಸರ್ಕಾರದ ಯಾವ ಯೋಜನೆಯಾದರೂ ಜೀವಿಗೆ ಕುತ್ತು ತರುತ್ತದೆಯೇ ಎಂದು ಏಳನೇ ಸೆಕ್ಷನ್ ಪ್ರಕಾರ ತಜ್ಞರ ಸಲಹೆ ಪಡೆಯಬೇಕು. ಆ ಸಲಹೆಯ ವರದಿಗೆ ಬಯಲಾಜಿಕಲ್ ಒಪಿನಿಯನ್ ಎಂದು ಹೆಸರು, ನಮ್ಮ ಕಸುಬಿನವರ ಬಾಯಲ್ಲಿ ‘ಬಯಾಪ್’. ಅದನ್ನು ಬರೆಯುವವರು ಇಲಾಖೆಯ ನೌಕರರು, ಅವರ ಮೇಲೆ ಕೂರುವ ಮುಖ್ಯಸ್ಥರು ಅಧ್ಯಕ್ಷರ ಆಯ್ಕೆ.

ಇದು ಹೇಗೆ ನಡೆಯುತ್ತದೆ ಎಂಬುದಕ್ಕೆ ನಾನು ಯಾವಾಗಲೂ ಹೇಳುವ ಉದಾಹರಣೆ ಬರ್ನ್‌ಹಾರ್ಟ್ ಅವರದಲ್ಲ, ಅದಕ್ಕೂ ಹಿಂದಿನದು. ಕಿರಿಯ ಬುಷ್ ಆಡಳಿತದಲ್ಲಿ ಜೂಲಿ ಮ್ಯಾಕ್‌ಡೊನಾಲ್ಡ್ ಎಂಬ ಅಧಿಕಾರಿ ಇದ್ದರು. ಮಂತ್ರಿಯಲ್ಲ, ಮಂತ್ರಿಗಿಂತ ಹಲವು ಮೆಟ್ಟಿಲು ಕೆಳಗಿನ ರಾಜಕೀಯ ನೇಮಕ. ಓದಿದ್ದು ಎಂಜಿನಿಯರಿಂಗ್. ವಿಲೋ ಫ್ಲೈಕ್ಯಾಚರ್ ಎಂಬ ಪುಟ್ಟ ಹಕ್ಕಿಯ ಗೂಡಿನ ವ್ಯಾಪ್ತಿ 2.1 ಮೈಲಿ ಎಂದು ಜೀವಶಾಸ್ತ್ರಜ್ಞರು ಬರೆದಿದ್ದರು. ಈಕೆ ಅದನ್ನು 1.8 ಮಾಡಿಸಿದರು. ಯಾಕೆ 1.8? ಆ ಅಳತೆಗೆ ತಂದರೆ ಗೆರೆ ಕ್ಯಾಲಿಫೋರ್ನಿಯಾದೊಳಗೆ ಬರುತ್ತಿರಲಿಲ್ಲ, ಅಲ್ಲಿ ಅವರ ಗಂಡನ ಮನೆಯವರ ಜಮೀನಿತ್ತು. ಇದೆಲ್ಲ ಇಲಾಖೆಯೊಳಗೇ ಅಕ್ರಮಗಳ ತನಿಖೆ ಮಾಡುವ ಇನ್‌ಸ್ಪೆಕ್ಟರ್ ಜನರಲ್ ವರದಿಯಲ್ಲಿ ಬಂದದ್ದು. 2007ರಲ್ಲಿ ಅವರು ರಾಜೀನಾಮೆ ಕೊಟ್ಟರು. ಅವರು ಕೈಯಾಡಿಸಿದ್ದ ಏಳು ತೀರ್ಮಾನಗಳನ್ನು ಅದೇ ವರ್ಷ ಮರುಪರಿಶೀಲನೆಗೆ ತೆಗೆದುಕೊಳ್ಳಬೇಕಾಯಿತು. ಕಾಯ್ದೆಯ ಒಂದಕ್ಷರ ಬದಲಾಗಿರಲಿಲ್ಲ ನೋಡಿ. ಬದಲಾದದ್ದು ದಶಮಾಂಶದ ಆಚೀಚೆಯ ಎರಡು ಅಂಕಿ.

ನನ್ನದೇ ಒಂದು ಅನುಭವ. ಹೆಸರು ಬೇಡದ ಒಂದು ಕಚೇರಿಗೆ ಕಳಿಸಿದ ನನ್ನ ಕರಡಿನಲ್ಲಿ "ಹಾನಿಯಾಗುವ ಸಂಭವವಿದೆ" ಎಂದಿತ್ತು. ವಾಪಸು ಬಂದಾಗ ಆ ಸಾಲಿನ ಮೇಲೆ ಪೆನ್ಸಿಲ್ಲಿನಲ್ಲಿ ಒಂದು ಸಣ್ಣ ‘ಇಲ್ಲ’ ಸೇರಿತ್ತು. ಅಂಚಿನಲ್ಲಿ ಕಾರಣವಿಲ್ಲ, ಸಹಿಯೂ ಇಲ್ಲ. "ಸಂಭವವಿಲ್ಲ" ಎಂದಾದರೆ ಆರು ತಿಂಗಳ ಕೆಲಸ ಮೂರು ವಾರಕ್ಕೆ ಇಳಿಯುತ್ತಿತ್ತು. ನಾನು ಸಹಿ ಹಾಕಲಿಲ್ಲ, ಇನ್ನೊಬ್ಬರು ಹಾಕಿದರು. ದೊಡ್ಡ ಧೀರತನವೇನಲ್ಲ. ನನಗಾಗ ಸಾಲವಿರಲಿಲ್ಲ, ಅಷ್ಟೇ.

ಈಗ ಬರ್ನ್‌ಹಾರ್ಟ್. ಅವರು ಮಂತ್ರಿಯಾಗುವ ಮೊದಲು ನಿಮ್ಮ ಪಕ್ಕದ ವೆಸ್ಟ್‌ಲ್ಯಾಂಡ್ಸ್ ನೀರಾವರಿ ಸಂಸ್ಥೆಯ ವಕೀಲರೂ ಲಾಬಿಗಾರರೂ ಆಗಿದ್ದರು. ಫ್ರೆಸ್ನೊ, ಕಿಂಗ್ಸ್ ಕೌಂಟಿಗಳಲ್ಲಿ ಸುಮಾರು ಆರು ಲಕ್ಷ ಎಕರೆಗೆ ನೀರುಣಿಸುವ ಸಂಸ್ಥೆ ಅದು. ಸ್ಯಾಕ್ರಮೆಂಟೊ, ಸ್ಯಾನ್ ವಾಕೀನ್ ನದಿಗಳು ಕೂಡುವ ಡೆಲ್ಟಾದಲ್ಲಿರುವ, ನಿಮ್ಮ ಗೆಳೆಯರು ಹೇಳುವ ಆ ಎರಡಿಂಚು ಮೀನಿಗಿರುವ ರಕ್ಷಣೆ ಸಡಿಲವಾಗಲಿ ಎಂದು ವರ್ಷಗಟ್ಟಲೆ ಹೋರಾಡಿದ್ದು ಅದೇ. ಹಳೆಯ ಕಕ್ಷಿದಾರರ ಪಟ್ಟಿ ಎಷ್ಟು ಉದ್ದವಿತ್ತೆಂದರೆ, ಯಾರ ವಿಷಯದಲ್ಲಿ ತಾನು ಕೈಹಾಕಬಾರದು ಎಂದು ನೆನಪಿಡಲು ಅವರು ಜೇಬಿನಲ್ಲಿ ಒಂದು ಚೀಟಿ ಇಟ್ಟುಕೊಂಡು ಓಡಾಡುತ್ತಿದ್ದರು. ಬೇಲಿಯೇ ಎದ್ದು ಹೊಲ ಮೇಯುತ್ತದೆ ಎಂದು ಸಂರಕ್ಷಣಾ ಸಂಸ್ಥೆಗಳು ಕೂಗಿದ್ದು ಈ ಪಟ್ಟಿ ನೋಡಿಯೇ. ಅವರ ಪರ ವಾದವೂ ಇತ್ತು: ಕಾನೂನನ್ನು ಒಳಗಿನಿಂದ ಅರೆದು ಕುಡಿದವರು, ಹಿಂದೆ ಅದೇ ಇಲಾಖೆಯ ಸಾಲಿಸಿಟರ್ ಆಗಿದ್ದವರು, ಕೆಲಸ ಗೊತ್ತಿದ್ದವರು. ಅದೂ ಸುಳ್ಳಲ್ಲ. ಹಾಗೆ ನೋಡಿದರೆ ನನಗೆ ಹೆಚ್ಚು ಹೆದರಿಕೆ ಕೆಲಸ ಗೊತ್ತಿದ್ದವರದೇ.

2019ರ ಮಾರ್ಚ್ 28ರಂದು ಸೆನೆಟ್ ಸಮಿತಿಯ ಮುಂದೆ ಅವರ ವಿಚಾರಣೆ ನಡೆಯಿತು. ನಮ್ಮ ದೇಶದಲ್ಲಿ ಮಂತ್ರಿಯಾಗುವವರನ್ನು ಹೀಗೆ ಕೂರಿಸಿ ಪ್ರಶ್ನೆ ಕೇಳುವ ಪದ್ಧತಿಯೇ ಇಲ್ಲವಾದ್ದರಿಂದ ನಮಗಿದು ವಿಚಿತ್ರ ಅನ್ನಿಸುತ್ತದೆ. ಇಲ್ಲಿ ಸಾಮಾನ್ಯವಾಗಿ ಇದು ನಡೆಯದೆ ಕುರ್ಚಿ ಸಿಗದು. ಅವತ್ತು ಅವರ ಬೆನ್ನ ಹಿಂದೆ, ಕ್ಯಾಮೆರಾಗೆ ಸರಿಯಾಗಿ ಕಾಣುವಂತೆ, ಒಬ್ಬ ಹೋರಾಟಗಾರ್ತಿ ಹಸಿರು ಕೆಸರುಭೂತದ ಮುಖವಾಡ ಹಾಕಿ ಕುಳಿತಿದ್ದರು. ‘ವಾಷಿಂಗ್ಟನ್ನಿನ ಕೆಸರು ಬಸಿಯುತ್ತೇನೆ’ ಎಂದು ಟ್ರಂಪ್ ಹೇಳಿದ್ದಕ್ಕೆ ಲೇವಡಿ. ಸುದ್ದಿಯಲ್ಲಿ ಎಲ್ಲರೂ ತೋರಿಸಿದ್ದು ಮುಖವಾಡ. ನನ್ನಂಥವರು ಓದುತ್ತಿದ್ದದ್ದು ಎರಡು ದಿನ ಮೊದಲು ಬಂದಿದ್ದ ಇನ್ನೊಂದು ವರದಿ. ಮೆಲಾಥಿಯಾನ್, ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕಗಳ ಹೆಸರು ನೀವು ನಮ್ಮೂರ ಗೊಬ್ಬರದ ಅಂಗಡಿಯಲ್ಲೂ ಕೇಳಿರುತ್ತೀರಿ. ಇವು 1,200ಕ್ಕೂ ಹೆಚ್ಚು ಜೀವಿಗಳ ಉಳಿವಿಗೇ ಕುತ್ತು ಎಂದು ವನ್ಯಜೀವಿ ಸೇವೆಯ ವಿಜ್ಞಾನಿಗಳು 2017ರಲ್ಲಿ ಲೆಕ್ಕ ಹಾಕಿದ್ದರು. ಆಗ ಉಪಮಂತ್ರಿಯಾಗಿದ್ದ ಬರ್ನ್‌ಹಾರ್ಟ್ ಮಧ್ಯೆ ಪ್ರವೇಶಿಸಿದ ಮೇಲೆ ಆ ವರದಿ ಹೊರಬರದೆ ನಿಂತಿತು, ಅಳೆಯುವ ವಿಧಾನವೇ ಬೇರೆಯಾಯಿತು. ಇದು ಬಯಲಾದದ್ದು ಮಾಹಿತಿ ಹಕ್ಕಿನಡಿ ಪಡೆದ ಕಡತಗಳಿಂದ. ನೋಟಿಫಿಕೇಷನ್ ಇಲ್ಲ, ಮತದಾನ ಇಲ್ಲ. ಒಂದು ವರದಿ ಕಪಾಟಿನಲ್ಲಿ ಉಳಿಯಿತು.

ಏಪ್ರಿಲ್ 11ರಂದು 56-41 ಮತಗಳಿಂದ ಅವರು ಗೆದ್ದರು. ಎದುರು ಪಕ್ಷದ ಮೂವರೂ ಒಬ್ಬ ಪಕ್ಷೇತರರೂ ಅವರಿಗೇ ಮತ ಹಾಕಿದರು. ಅಚ್ಚರಿಯೇನಿಲ್ಲ. 2013ರಿಂದ ಇಂಥ ನೇಮಕಕ್ಕೆ ಸೆನೆಟ್‌ನಲ್ಲಿ ಬರೀ ಬಹುಮತ ಸಾಕು, ಅಧ್ಯಕ್ಷರ ಪಕ್ಷಕ್ಕೆ ಬಹುಮತ ಇದ್ದಾಗ ಸೋಲಿಸುವುದು ಕಷ್ಟ. ನಿಮ್ಮ ಸಹಿ ಇರಲಿ, ಹತ್ತು ಲಕ್ಷ ಸಹಿ ಇದ್ದರೂ ಆ ದಿನ ಫಲಿತಾಂಶ ಬದಲಾಗುತ್ತಿರಲಿಲ್ಲ. ಇದನ್ನು ಇಮೇಲ್ ಕಳಿಸಿದವರಿಗೂ ಗೊತ್ತಿತ್ತು. ಅದನ್ನು ನಿಮಗೆ ಹೇಳಲಿಲ್ಲ, ಅದು ಅವರ ತಪ್ಪು.

ಹಾಗಾದರೆ ವಿರೋಧವೆಲ್ಲ ದಂಡವೇ? ಇಲ್ಲ, ಎರಡು ಕಾರಣಕ್ಕೆ. ಒಂದು, ಕೆಲವೊಮ್ಮೆ ಗೆಲ್ಲುತ್ತದೆ. ಶ್ವೇತಭವನದ ಪರಿಸರ ಮಂಡಳಿಗೆ ಹೆಸರಿಸಲಾಗಿದ್ದ ಕ್ಯಾಥ್ಲೀನ್ ಹಾರ್ಟ್‌ನೆಟ್ ವೈಟ್ ವಿಚಾರಣೆಯಲ್ಲೇ ತಡವರಿಸಿ 2018ರ ಫೆಬ್ರುವರಿಯಲ್ಲಿ ಹಿಂದೆ ಸರಿದರು. ಭೂ ನಿರ್ವಹಣಾ ಬ್ಯೂರೋಗೆ ವಿಲಿಯಂ ಪೆರಿ ಪೆಂಡ್ಲಿ ಅವರ ಹೆಸರನ್ನು 2020ರಲ್ಲಿ ವಾಪಸು ಪಡೆದರು. ಚುನಾವಣೆ ಹತ್ತಿರವಿತ್ತು, ಅಧ್ಯಕ್ಷರದೇ ಪಕ್ಷದ, ಪಶ್ಚಿಮ ರಾಜ್ಯಗಳ ಸೆನೆಟರುಗಳಿಗೆ ಆ ಮತದಾನ ಬೇಡವಾಗಿತ್ತು. ಇಮೇಲಿನ ಅಬ್ಬರಕ್ಕಿಂತ ಈ ಲೆಕ್ಕ ಮುಖ್ಯ. ಎರಡನೆಯದು, ಸೋತರೂ ದಾಖಲೆ ಉಳಿಯುತ್ತದೆ. ವಿಚಾರಣೆಯಲ್ಲಿ ಹೇಳಿದ್ದೂ, ಸೆನೆಟರ್‌ಗಳ ಲಿಖಿತ ಪ್ರಶ್ನೆಗಳಿಗೆ ಬರೆದುಕೊಟ್ಟ ಉತ್ತರಗಳೂ ಕಡತ ಸೇರುತ್ತವೆ. ಆಮೇಲೆ ವಕೀಲರೂ ಪತ್ರಕರ್ತರೂ ಕೆದಕುವುದು ಅದನ್ನೇ. ಬರ್ನ್‌ಹಾರ್ಟ್ ಪ್ರಮಾಣವಚನ ತೆಗೆದುಕೊಂಡ ವಾರದೊಳಗೇ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಅವರ ಮೇಲೆ ತನಿಖೆ ತೆರೆದರು. ದೂರುಗಳಲ್ಲಿ ಕೆಲವು ವಿಚಾರಣೆಯ ಮುನ್ನವೇ ತಯಾರಾಗಿದ್ದವು.

ಮುಂದೆ ಆದದ್ದು ಕೇಳಿ. 2019ರ ಆಗಸ್ಟ್‌ನಲ್ಲಿ ಇಲಾಖೆ ಕಾಯ್ದೆಯ ನಿಯಮಗಳನ್ನು ತಿದ್ದಿತು. ಜೀವಿಯನ್ನು ಪಟ್ಟಿಗೆ ಸೇರಿಸುವಾಗ ಆರ್ಥಿಕ ಪರಿಣಾಮ ಲೆಕ್ಕಿಸದೆ ತೀರ್ಮಾನಿಸಬೇಕು ಎಂಬ ಮಾತನ್ನು ತೆಗೆದುಹಾಕಿತು. ‘ಅಪಾಯದತ್ತ ಸಾಗಿರುವ’ ಎಂಬ ಎರಡನೇ ದರ್ಜೆಯ ಜೀವಿಗಳಿಗೆ ತಾನಾಗಿ ಸಿಗುತ್ತಿದ್ದ ರಕ್ಷಣೆ, ಹೊಸದಾಗಿ ಸೇರುವವಕ್ಕೆ ನಿಂತಿತು. 2022ರಲ್ಲಿ ಕ್ಯಾಲಿಫೋರ್ನಿಯಾದ ಒಕ್ಕೂಟ ನ್ಯಾಯಾಧೀಶರು ಅದನ್ನು ರದ್ದು ಮಾಡಿದರು, ಕೆಲವೇ ತಿಂಗಳಲ್ಲಿ ಮೇಲಿನ ಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟಿತು. 2024ರಲ್ಲಿ ಬೈಡನ್ ಆಡಳಿತ ಬಹುಪಾಲು ಹಳೆಯದನ್ನು ಮರಳಿ ತಂದಿತು. 2025ರ ನವೆಂಬರ್‌ನಲ್ಲಿ ಮತ್ತೆ 2019ರ ಕಡೆಗೇ ಹೋಗುವ ಪ್ರಸ್ತಾವ. ‘ಹಾನಿ’ ಎಂಬ ಪದದ ವ್ಯಾಖ್ಯೆಯನ್ನೇ ಕೈಬಿಡುವ ಪ್ರಸ್ತಾವ ಅದೇ ವರ್ಷ ಏಪ್ರಿಲ್‌ನಲ್ಲಿ ಬಂದಿತ್ತು. ಆ ವ್ಯಾಖ್ಯೆಯಲ್ಲಿ ಜೀವಿಯ ನೆಲೆಯನ್ನು ಕೆಡಿಸುವುದೂ ಸೇರುತ್ತದೆ. ಅದನ್ನು ಬಿಟ್ಟರೆ ಗೂಬೆಗೆ ಗುಂಡು ಹೊಡೆಯುವುದು ತಪ್ಪು, ಅದರ ಮರ ಕಡಿಯುವುದು ಬಹುಶಃ ಸರಿ. ಹಾವು ಏಣಿ ಆಟ ಇದು. ಕುರ್ಚಿ ಬದಲಾದಾಗಲೆಲ್ಲ ಕಾಯಿ ಮೇಲೆ ಕೆಳಗೆ ಆಗುತ್ತಿದೆ. ಡೆಲ್ಟಾದ ಆ ಮೀನಿಗೆ ನಾಲ್ಕು ವರ್ಷ ಎಂದರೆ ನಾಲ್ಕು ತಲೆಮಾರು.

ನೆಸ್ವಿಕ್ ವಿಷಯದಲ್ಲಿ ನಿಮ್ಮ ಇಮೇಲ್ ಒಂದು ಅಂಶ ಬಿಟ್ಟಿರಬಹುದು. ಅವರು ವಯೋಮಿಂಗ್‌ನ ವನ್ಯಜೀವಿ ಇಲಾಖೆ ನಡೆಸಿದವರು, ಯೆಲ್ಲೊಸ್ಟೋನ್ ಸುತ್ತಲಿನ ಗ್ರಿಜ್ಲಿ ಕರಡಿಯನ್ನು ಪಟ್ಟಿಯಿಂದ ತೆಗೆಯಬೇಕು ಎನ್ನುವವರು. ಆ ಕರಡಿಗಳು 1975ರಲ್ಲಿ ಇನ್ನೂರಕ್ಕೂ ಕಡಿಮೆಯಿದ್ದವು, 2017ರ ಹೊತ್ತಿಗೆ ಸುಮಾರು 700 ಆಗಿದ್ದವು. ಆ ವರ್ಷ ಪಟ್ಟಿಯಿಂದ ತೆಗೆದರು, 2018ರಲ್ಲಿ ಮೊಂಟಾನಾದ ಕೋರ್ಟ್ ಮರಳಿ ಸೇರಿಸಿತು. ಬೇರೆ ಕಡೆಯ ಕರಡಿಗಳ ಗತಿಯೇನೆಂದು ಇಲಾಖೆ ಯೋಚಿಸಿಲ್ಲ ಎಂಬುದು ತೀರ್ಪಿನ ತಿರುಳು. ಸಂಖ್ಯೆ ಏರಿದ್ದು ನಿಜ, ಕೋರ್ಟಿನ ಆಕ್ಷೇಪವೂ ನಿಜ. ಇಲ್ಲಿ ಇಬ್ಬರು ಪ್ರಾಮಾಣಿಕ ಜೀವಶಾಸ್ತ್ರಜ್ಞರು ಬೇರೆ ಬೇರೆ ಮಾತಾಡಬಹುದು, ನನ್ನ ಹಳೆಯ ಸಹೋದ್ಯೋಗಿಗಳಲ್ಲೇ ಎರಡು ಪಂಗಡವಿದೆ. ಹಾಗಾಗಿ ಅವರನ್ನು ಕರಡಿಗಳ ಶತ್ರು ಎನ್ನುವ ಇಮೇಲನ್ನು ಅರ್ಧ ನಂಬಿ. 2025ರ ಆಗಸ್ಟ್‌ನಲ್ಲಿ ಅವರ ನೇಮಕಕ್ಕೂ ಸೆನೆಟ್ ಒಪ್ಪಿಗೆ ಕೊಟ್ಟಿತು.

ಇನ್ನು ನಿಮ್ಮ ಬಾದಾಮಿ ಗೆಳೆಯರ ಮೀನು. ಡೆಲ್ಟಾ ಸ್ಮೆಲ್ಟನ್ನು ನಾನು ಕೈಯಲ್ಲಿ ಹಿಡಿದಿದ್ದೇನೆ. ಚಳಿಗಾಲದ ಬೆಳಗ್ಗೆ, ಸಮೀಕ್ಷೆಯ ದೋಣಿಯಲ್ಲಿ ಬಲೆ ಎಳೆದಾಗ ತೊಟ್ಟಿಯ ತಳದಲ್ಲಿ ಎರಡೋ ಮೂರೋ ಇರುತ್ತಿದ್ದವು, ಕಿರುಬೆರಳುದ್ದ, ಬೆಳಕಿಗೆ ಹಿಡಿದರೆ ಆಚೆ ಬದಿ ಕಾಣಬೇಕು ಅಷ್ಟು ತೆಳುವು. ವಾಸನೆ ಮೀನಿನದಲ್ಲ, ಆಗ ತಾನೇ ಹೆಚ್ಚಿದ ಎಳೆ ಸೌತೆಕಾಯಿಯದು. ಅದರ ಬದುಕೇ ಹೆಚ್ಚುಕಡಿಮೆ ಒಂದು ವರ್ಷ. 1993ರಲ್ಲಿ ಪಟ್ಟಿಗೆ ಸೇರಿತು. 1967ರಿಂದ ನಡೆಯುತ್ತಿರುವ ಶರತ್ಕಾಲದ ಬಲೆ ಸಮೀಕ್ಷೆಯಲ್ಲಿ 2018ರಿಂದ ಹಲವು ವರ್ಷ ಸತತವಾಗಿ ಸಿಕ್ಕ ಲೆಕ್ಕ: ಸೊನ್ನೆ. 2021ರ ಡಿಸೆಂಬರ್‌ನಿಂದ ಪ್ರಯೋಗಾಲಯದಲ್ಲಿ ಸಾಕಿದ ಮೀನುಗಳನ್ನು ನದಿಗೆ ಬಿಡುತ್ತಿದ್ದಾರೆ. ದಕ್ಷಿಣದ ಹೊಲಗಳಿಗೆ ನೀರೆತ್ತುವ ಸರ್ಕಾರಿ ಪಂಪುಗಳು ಜೋರಾಗಿ ಎಳೆದಾಗ ಡೆಲ್ಟಾದ ಕಾಲುವೆಗಳಲ್ಲಿ ನೀರು ಹಿಮ್ಮುಖ ಹರಿಯುತ್ತದೆ, ಮೀನು ಅದರೊಂದಿಗೆ ಪಂಪಿನ ಬಾಯಿಗೆ ಹೋಗುತ್ತದೆ. ಅದಕ್ಕೇ ಕೆಲವು ವಾರ ಪಂಪಿನ ವೇಗ ಇಳಿಸುತ್ತಾರೆ. ಆ ವಾರಗಳಲ್ಲಿ ರೈತರಿಗೆ ನೀರು ತಪ್ಪುವುದು ಖಂಡಿತ, ನಿಮ್ಮ ಗೆಳೆಯರು ಸುಳ್ಳು ಹೇಳುತ್ತಿಲ್ಲ.

ಆದರೆ ಪೂರ್ತಿ ಲೆಕ್ಕವನ್ನೂ ಹೇಳುತ್ತಿಲ್ಲ. ಡೆಲ್ಟಾದ ದಕ್ಷಿಣಕ್ಕಿರುವ ನೀರಾವರಿ ಸಂಸ್ಥೆಗಳಿಗೆ ಒಕ್ಕೂಟದ ಕಾಲುವೆಯಿಂದ, ಒಪ್ಪಂದದ ನೀರಿನಲ್ಲಿ 2014, 2015ರಲ್ಲಿ ಸಿಕ್ಕದ್ದು ಶೇ. 0. 2017ರಲ್ಲಿ ಶೇ. 100. 2022ರಲ್ಲಿ ಮತ್ತೆ 0, 2023ರಲ್ಲಿ ಮತ್ತೆ 100. ಈ ಎಲ್ಲ ವರ್ಷವೂ ಮೀನು ಪಟ್ಟಿಯಲ್ಲೇ ಇತ್ತು. ಬದಲಾದದ್ದು ಮಳೆ ಮತ್ತು ಹಿಮ. ಅವರ ನೀರಿನ ಹಕ್ಕು ಸರದಿಯಲ್ಲಿ ಕೊನೆಯದು, ಬರ ಬಂದರೆ ಮೊದಲು ಕತ್ತರಿ ಬೀಳುವುದು ಅವರಿಗೇ. ಅದರ ಮೇಲೆ ಬಾದಾಮಿ. ಟೊಮೆಟೊ ಆದರೆ ಒಂದು ವರ್ಷ ಹೊಲ ಬೀಳುಬಿಡಬಹುದು, ಇಪ್ಪತ್ತೈದು ವರ್ಷ ನಿಲ್ಲುವ ಮರವನ್ನು ಬಿಡಲಾಗದು. ಆಗ ಬೋರ್‌ವೆಲ್. ಮೆಂಡೋಟಾ ಬಳಿ ತೆಗೆದ ಒಂದು ಹಳೆಯ ಫೋಟೊ ನೋಡಿ: ವಿದ್ಯುತ್ ಕಂಬದ ಮೇಲೆ, ಮನುಷ್ಯನ ತಲೆಯಿಂದ ಎಷ್ಟೋ ಎತ್ತರದಲ್ಲಿ 1925 ಎಂಬ ಫಲಕ, ಬುಡದಲ್ಲಿ 1977. ಅಷ್ಟು ವರ್ಷದಲ್ಲಿ ಅಂತರ್ಜಲ ಬಸಿದು ನೆಲ ಸುಮಾರು 9 ಮೀಟರ್ ಕುಸಿದಿತ್ತು. ಆಗಿನ್ನೂ ಸ್ಮೆಲ್ಟ್ ಪಟ್ಟಿಗೆ ಸೇರಿಯೇ ಇರಲಿಲ್ಲ.

ನೀವು ಮಾಡಬಹುದಾದದ್ದಕ್ಕೆ ಬರುತ್ತೇನೆ. ಸೆನೆಟರ್ ಕಚೇರಿಗೆ ಫೋನ್ ಮಾಡಲು ಪೌರತ್ವ ಬೇಕಿಲ್ಲ. ಎತ್ತುವ ಹುಡುಗ ಅಥವಾ ಹುಡುಗಿ ಸಾಮಾನ್ಯವಾಗಿ ಕೇಳುವುದು ಜಿಪ್ ಕೋಡ್, ಪರವೋ ವಿರೋಧವೋ ಒಂದು ಗೆರೆ ಎಳೆದುಕೊಳ್ಳುತ್ತಾರೆ. ಆದರೆ ನಿಮ್ಮ ರಾಜ್ಯದ ಇಬ್ಬರು ಸೆನೆಟರ್‌ಗಳು ಹೇಗೂ ವಿರೋಧಿಸುವವರಾದರೆ ಆ ಗೆರೆಯಿಂದ ಲಾಭ ಕಡಿಮೆ. ಬದಲು "ಈ ಪ್ರಶ್ನೆಯನ್ನು ಲಿಖಿತವಾಗಿ ಕೇಳಿ" ಎಂದು ಒಂದು ಖಚಿತ ಪ್ರಶ್ನೆ ಕೊಡಿ, ಮತದಾನಕ್ಕೆ ಮೊದಲು, ಸಮಿತಿಯಲ್ಲಿರುವಾಗಲೇ. ದೇಣಿಗೆ ಕೊಡುವುದಾದರೆ ಆ ಸಂಸ್ಥೆ ತೆರಿಗೆ ಕಾನೂನಿನಲ್ಲಿ ಸಿ-3 ವರ್ಗದ್ದೋ ಸಿ-4 ವರ್ಗದ್ದೋ ನೋಡಿಕೊಳ್ಳಿ. ಲಾಬಿಗೆ ಹೆಚ್ಚು ಅವಕಾಶವಿರುವ ಎರಡನೆಯದಕ್ಕೆ ಕೊಟ್ಟರೆ ತೆರಿಗೆ ವಿನಾಯಿತಿ ಸಿಗದು. ಕೋರ್ಟಿನಲ್ಲಿ ಎಷ್ಟು ಪ್ರಕರಣ ನಡೆಸುತ್ತಿದ್ದಾರೆ ಎಂದೂ ಕೇಳಿ. ಇಮೇಲ್ ಬಿಟ್ಟು ಬೇರೇನೂ ಮಾಡದವರೂ ಇದ್ದಾರೆ.

ನನ್ನನ್ನು ಕೇಳಿದರೆ ನಿಮ್ಮ ಸಮಯಕ್ಕೆ ಹೆಚ್ಚು ಬೆಲೆ ಬರುವುದು ನೇಮಕದ ಹೊತ್ತಿನಲ್ಲಲ್ಲ, ಆಮೇಲೆ. ನಿಯಮ ತಿದ್ದುವಾಗ ಸರ್ಕಾರ ಅದನ್ನು ಪ್ರಕಟಿಸಿ, ಸಾಮಾನ್ಯವಾಗಿ ಮೂವತ್ತೋ ಅರವತ್ತೋ ದಿನ ಸಾರ್ವಜನಿಕರ ಅಭಿಪ್ರಾಯ ಕೇಳಲೇಬೇಕು. ಯಾರು ಬೇಕಾದರೂ ಬರೆಯಬಹುದು, ಗ್ರೀನ್ ಕಾರ್ಡ್ ಸಾಕು, ಅದೂ ಬೇಕಿಲ್ಲ. ಸಂಸ್ಥೆಯವರು ಕಳಿಸಿದ ಸಿದ್ಧ ಪತ್ರವನ್ನು ಹಾಗೇ ಅಂಟಿಸಬೇಡಿ, ಒಂದೇ ಬಗೆಯ ಸಾವಿರ ಪತ್ರಗಳನ್ನು ಒಂದು ಕಟ್ಟು ಮಾಡಿ ಒಂದೇ ಉತ್ತರ ಬರೆಯುತ್ತಾರೆ. ತೂಕದ ಆಕ್ಷೇಪಕ್ಕೆ ಇಲಾಖೆ ಲಿಖಿತ ಉತ್ತರ ಕೊಡಬೇಕು, ಕೊಡದಿದ್ದರೆ ಕೋರ್ಟಿನಲ್ಲಿ ನಿಯಮ ಬೀಳುವುದು ಆ ತೂತಿನಿಂದಲೇ. ಅಪಾಯವೂ ಹೇಳಬೇಕು: ಹೆಸರು ಕೊಟ್ಟಿದ್ದರೆ, ನೀವು ಬರೆದದ್ದು ಹೆಸರಿನ ಸಮೇತ ಸಾರ್ವಜನಿಕವಾಗಬಹುದು. ಗ್ರೀನ್ ಕಾರ್ಡ್ ಇರುವವರಿಗೆ ಇದು ಕಾನೂನುಬದ್ಧ ಹಕ್ಕು, ಆದರೂ ವಲಸೆ ಅರ್ಜಿ ಬಾಕಿ ಇದ್ದು ಮನಸ್ಸಿಗೆ ಅಳುಕಿದ್ದರೆ ವಕೀಲರನ್ನು ಒಮ್ಮೆ ಕೇಳಿ. ವೋಟು ಮಾತ್ರ ಅಪ್ಪಿತಪ್ಪಿಯೂ ಹಾಕಬೇಡಿ. ಡ್ರೈವಿಂಗ್ ಲೈಸೆನ್ಸ್ ಕೊಡುವ ಡಿಎಂವಿ ಕಚೇರಿಯಲ್ಲಿ ಅವಸರಕ್ಕೆ ತಪ್ಪು ಚೌಕಕ್ಕೆ ಟಿಕ್ ಮಾಡಿ ಮತದಾರರೆಂದು ನೋಂದಾಯಿಸಿಕೊಂಡವರ ಫಜೀತಿ ನಾನು ನೋಡಿದ್ದೇನೆ.

ಏನು ಬರೆಯುವುದು ಎಂದರೆ, ನೀವು ಕಂಡದ್ದನ್ನು. ನಿಮ್ಮ ಊರಿನ ಕಾಲುವೆಯಲ್ಲಿ ಯಾವ ತಿಂಗಳು ನೀರಿತ್ತು, ತೋಟಕ್ಕೆ ಬರುತ್ತಿದ್ದ ಯಾವ ಹಕ್ಕಿ ಈಗ ಇಲ್ಲ, ಬೋರ್‌ವೆಲ್ ಎಷ್ಟು ಅಡಿ ಇಳಿಯಿತು. ಈ ಕೊನೆಯದು ನಿಮ್ಮ ಗೆಳೆಯರಿಗೇ ಚೆನ್ನಾಗಿ ಗೊತ್ತಿರುತ್ತದೆ. ಅವರೂ ಬರೆಯಲಿ. ತಮ್ಮ ಜಮೀನಿನಲ್ಲಿ ಜೀವಿಗೆ ನೆಲೆ ಮಾಡಿಕೊಡುವ ರೈತನಿಗೆ ಮುಂದೆ ಹೊಸ ನಿರ್ಬಂಧ ಹೇರುವುದಿಲ್ಲ ಎಂದು ಇಲಾಖೆಯೇ ಬರೆದುಕೊಡುವ ಒಪ್ಪಂದಗಳಿವೆ. ಅವರಿಗೆ ಅದರ ಬಗ್ಗೆ ಯಾರೂ ಇಮೇಲ್ ಕಳಿಸಿರಲಾರರು. ಮಗಳಿಗೆ ಹೇಳಿ, ಮುಂದಿನ ಸಲ ಜಗಳಕ್ಕೆ ನಿಲ್ಲುವ ಮೊದಲು ಅವರ ಪಂಪ್‌ಸೆಟ್‌ನ ಕರೆಂಟ್ ಬಿಲ್ ಒಮ್ಮೆ ನೋಡಿ ಬರಲಿ.